ಬಜೆಟ್ ಲೆಕ್ಕ ಬಹಿರಂಗವಾದರೆ ಸೋರಿಕೆ ನಿಲ್ಲುತ್ತಾ? ಉಗಾಂಡಾ ಬಗ್ಗೆ ಒಂದು ಪ್ರಶ್ನೆ

ನಂದಿನಿ:
1991ರಿಂದ 95ರವರೆಗೆ ಉಗಾಂಡಾದ ಪ್ರಾಥಮಿಕ ಶಾಲೆಗಳಿಗೆ ಸರ್ಕಾರ ಕೊಟ್ಟ ತಲಾ ಅನುದಾನದಲ್ಲಿ (ಒಂದು ಮಗುವಿಗೆ ಇಷ್ಟು ಅಂತ ಕೊಡೋ ಹಣ) ಶಾಲೆಗೆ ಮುಟ್ಟಿದ್ದು ಸರಾಸರಿ ಶೇ 13 ಮಾತ್ರ. ಹೆಚ್ಚಿನ ಶಾಲೆಗಳಿಗೆ ಏನೂ ಬಂದಿರಲಿಲ್ಲ, ದುಡ್ಡು ಜಿಲ್ಲಾ ಮಟ್ಟದಲ್ಲೇ ಕರಗುತ್ತಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹೋಯಿತು ಅಂತ ಪತ್ರಿಕೆಯಲ್ಲಿ ಹಾಕೋಕೆ ಶುರು ಮಾಡಿದರು. 2001ಕ್ಕೆ ಶೇ 80ಕ್ಕಿಂತ ಜಾಸ್ತಿ ತಲುಪಿತು. ಇದರಲ್ಲಿ ನೆರವು ಕೊಡುವ ದೇಶಗಳ ಪಾಲೆಷ್ಟು? ಅವರು ಇಲ್ಲದಿದ್ದರೂ ಸರ್ಕಾರ ಲೆಕ್ಕ ಬಿಚ್ಚಿಡುತ್ತಿತ್ತಾ?

ರಾಘು:
ಪತ್ರಿಕೆಯೊಂದಕ್ಕೇ ಶ್ರೇಯಸ್ಸು ಕೊಡಬೇಡಿ ನಂದಿನಿಯವರೇ. ಆ ಸೋರಿಕೆಯನ್ನು ಪತ್ತೆ ಮಾಡಿದ್ದು ಅರ್ಥಶಾಸ್ತ್ರಜ್ಞರಾದ ರೀನಿಕ್ಕಾ ಮತ್ತು ಸ್ವೆನ್ಸನ್, ವಿಶ್ವಬ್ಯಾಂಕ್ ಬೆಂಬಲದ ಸಮೀಕ್ಷೆಯಿಂದ: ಖಜಾನೆಯಿಂದ ಹೊರಟ ಮೊತ್ತವನ್ನೂ ಶಾಲೆಯ ಪುಸ್ತಕದಲ್ಲಿರುವ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಅಷ್ಟೇ. ಆದರೆ 2007ರಲ್ಲಿ ಸಂಶೋಧಕ ಪಾಲ್ ಹಬ್ಬರ್ಡ್ ಸರಿಯಾದ ಮಾತೇ ಎತ್ತಿದರು. ಪತ್ರಿಕೆಯಲ್ಲಿ ಲೆಕ್ಕ ಬರುತ್ತಿದ್ದ ವರ್ಷಗಳಲ್ಲೇ ಉಚಿತ ಪ್ರಾಥಮಿಕ ಶಿಕ್ಷಣ (1997ರಲ್ಲಿ) ಬಂತು, ಹಣಕಾಸು ನಿರ್ವಹಣೆಯೂ ಸುಧಾರಿಸಿತು, ಶಿಕ್ಷಣದ ಹಣದ ಮೇಲೆ ದಾನಿಗಳೂ ಕಣ್ಣಿಟ್ಟಿದ್ದರು. ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳೋದು ಕಷ್ಟ.

ಶೈಲಜಾ:
ದಾನಿಗಳು ಕಣ್ಣಿಟ್ಟರೆ ಸಾಕು ಅನ್ನೋದಾದರೆ 2012 ನೋಡಿ. ಯುದ್ಧದಲ್ಲಿ ನುಚ್ಚುನೂರಾಗಿದ್ದ ಉತ್ತರ ಉಗಾಂಡಾವನ್ನು ಮತ್ತೆ ಕಟ್ಟೋಕೆ ಬಂದ ನೆರವು ಪ್ರಧಾನಿ ಕಚೇರಿಯಿಂದಲೇ ಖಾಸಗಿ ಖಾತೆಗಳಿಗೆ ಹೋಗಿತ್ತು. ಸರ್ಕಾರಗಳು ಬಜೆಟ್ ಲೆಕ್ಕವನ್ನು ಎಷ್ಟು ಬಿಚ್ಚಿಡುತ್ತವೆ ಅಂತ ಅಳೆಯುವ ಮುಕ್ತ ಬಜೆಟ್ ಸಮೀಕ್ಷೆಯಲ್ಲಿ ಅದೇ ವರ್ಷ ಉಗಾಂಡಾಕ್ಕೆ 100ಕ್ಕೆ 60ಕ್ಕಿಂತ ಹೆಚ್ಚು ಅಂಕ! ಕಳ್ಳತನ ಹಿಡಿದದ್ದು ಆ ದೇಶದ್ದೇ ಮಹಾಲೆಕ್ಕಪರಿಶೋಧಕರು, ದಾನಿಗಳಲ್ಲ. ಗೊತ್ತಾದ ಮೇಲೆ ಐರ್ಲೆಂಡ್, ಡೆನ್ಮಾರ್ಕ್, ನಾರ್ವೆ, ಬ್ರಿಟನ್ ನೆರವು ನಿಲ್ಲಿಸಿದವು. ಐರ್ಲೆಂಡ್‌ಗೆ 40 ಲಕ್ಷ ಯೂರೋ ವಾಪಸ್ ಕೂಡ ಬಂತು. ಆದರೆ ನಿಂತ ನೆರವಿನ ಪೆಟ್ಟು ಬಿದ್ದದ್ದು ಏನೂ ತಪ್ಪು ಮಾಡದ ಜನರ ಮೇಲೆ ಅಲ್ವಾ?

ನಂದಿನಿ:
ಹಾಗಾದರೆ ದಾನಿಗಳು ಮಾಡಬೇಕಾದದ್ದು ಏನು? ಸುಮ್ನೆ ದುಡ್ಡು ಕೊಟ್ಟು ಕೂರೋದಾ?

ಶೈಲಜಾ:
ಇಲ್ಲ ಇಲ್ಲ. ಮೊದಲು ತಮ್ಮ ಲೆಕ್ಕವನ್ನು ಸರಿಯಾಗಿ ಕೊಡಲಿ. ಎಷ್ಟೋ ನೆರವು ಯೋಜನೆಗಳ ಹಣ ಆ ದೇಶದ ಬಜೆಟ್ ಒಳಗೆ ಬರೋದೇ ಇಲ್ಲ, ದಾನಿಯದ್ದೇ ಬೇರೆ ಖಾತೆ, ಬೇರೆ ಗುತ್ತಿಗೆದಾರರು, ಬೇರೆ ವರದಿ. ಸಂಸತ್ತಿನಲ್ಲಿ ಕೂತವರಿಗೆ ಒಂದು ಜಿಲ್ಲೆಯ ಆಸ್ಪತ್ರೆಗೆ ಒಟ್ಟು ಎಷ್ಟು ಬರುತ್ತಿದೆ ಅಂತಾನೇ ತಿಳಿಯದಿದ್ದರೆ ಅವರು ಮಂತ್ರಿಗಳನ್ನು ಏನಂತ ಕೇಳಬೇಕು? ಸರ್ಕಾರ ಲೆಕ್ಕ ಮುಚ್ಚಿಡುತ್ತಿದೆ ಅನ್ನುವವರೇ ಇದನ್ನು ಮಾಡೋದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ರಾಘು:
ಇದಕ್ಕೇ ಅಂತ 2008ರಲ್ಲಿ ಘಾನಾದ ಆಕ್ರಾದಲ್ಲಿ ಅಂತರರಾಷ್ಟ್ರೀಯ ನೆರವು ಪಾರದರ್ಶಕತೆ ಉಪಕ್ರಮ ಶುರುವಾಯಿತು. ದಾನಿಗಳು ತಮ್ಮ ಯೋಜನೆಗಳ ವಿವರವನ್ನು ಒಂದೇ ನಮೂನೆಯಲ್ಲಿ ಹಾಕಬೇಕು. ಆದರೆ ಹಲವು ದಾನಿಗಳ ಹಣಕಾಸು ವರ್ಷವೇ ಬೇರೆ. ಉಗಾಂಡಾದಲ್ಲಿ ಅದು ಜುಲೈನಿಂದ ಜೂನ್. ಬಜೆಟ್ ಬರೆಯುವ ಹೊತ್ತಿಗೆ ಕೈಗೆ ಬರಬೇಕಾದ ಅಂಕಿ ಆಮೇಲೆ ಬಂದರೆ ಏನು ಪ್ರಯೋಜನ? ನಂದಿನಿಯವರೇ, ನೀವು ಮುಂದೆ ಓದೋದಾದರೆ ಈ ಜಾಗದಿಂದ ಶುರು ಮಾಡಿ.