ಸಹಾಯ ಬೇಕು: ಪಿಎಫ್ ಪರ ವಕೀಲರಾಗಿ ಕೆಲಸ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಆರು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಜಾಸ್ತಿ ಬಂದದ್ದು ಕಾಫಿ ತೋಟದ ಕಾರ್ಮಿಕರ ಕೇಸುಗಳೇ. ಈಗ ಪಿಎಫ್ ಆಫೀಸಿನ ಪ್ಯಾನೆಲ್ ವಕೀಲಿಕೆಗೆ (ಆಫೀಸಿನ ಪರ ವಾದಿಸುವ ವಕೀಲರ ಪಟ್ಟಿಗೆ) ಅರ್ಜಿ ಹಾಕಬೇಕೆಂದಿದ್ದೇನೆ.

ಮಾಲೀಕರು ಕಟ್ಟದೆ ಉಳಿಸಿಕೊಂಡ ವಂತಿಗೆಯ ವಸೂಲಿಗೆ ವಾದ ಮಾಡಲು ನನಗೆ ಖುಷಿಯೇ. ಆದರೆ ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು, ಅಲ್ವಾ? ತೋಟದ ಕಾರ್ಮಿಕರ ಲೈನ್ ಮನೆಯಲ್ಲೇ ಬದುಕು ಕಳೆದ ಅಜ್ಜಿಯೊಬ್ಬರ ಹೆಸರನ್ನು ತೋಟದವರು ತಪ್ಪಾಗಿ ಬರೆದಿದ್ದರು. ಒಂಬತ್ತೇ ವರ್ಷ ಲೆಕ್ಕಕ್ಕೆ ಸಿಕ್ಕಿತು. ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಪಿಂಚಣಿಯೂ ಇಲ್ಲ ಎಂದು ಅವರು ನನ್ನ ಮುಂದೆ ಅತ್ತದ್ದು ಇನ್ನೂ ಮರೆತಿಲ್ಲ. ನಾಳೆ ಅಂಥವರ ಎದುರೇ ನಿಲ್ಲಬೇಕಾಗಿ ಬಂದರೆ?

ಹಳೇ ಕಕ್ಷಿದಾರರ ವಿರುದ್ಧದ ಕೇಸು ತೆಗೆದುಕೊಳ್ಳುವಂತಿಲ್ಲ, ಅದು ಗೊತ್ತು. ನನಗೆ ಬೇಕಾದದ್ದು ಇಷ್ಟು: ‘ಇವರಿಗೆ ಕೊಡುವುದೇ ಸರಿ’ ಎಂದು ವಕೀಲರು ಅಭಿಪ್ರಾಯ ಬರೆದುಕೊಟ್ಟರೆ ಅಧಿಕಾರಿಗಳು ಕೇಳುತ್ತಾರಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.