ಸೊಳ್ಳೆ ಕಚ್ಚಿದರೆ ಕಣ್ಣೇ ಮುಚ್ಚುವಷ್ಟು ಬಾವು: ರಜೆಗೆ ಶಿರಸಿಗೆ ಹೊರಟಿದ್ದೇವೆ, ಏನು ತಯಾರಿ ಬೇಕು?

ಪ್ರಶ್ನೆ, ಬೆಂಗಳೂರಿನಿಂದ ಒಬ್ಬ ತಾಯಿ:

ಡಾಕ್ಟ್ರೇ, ನಮಸ್ಕಾರ. ದಸರಾ ರಜೆಗೆ ಹತ್ತು ದಿನ ಶಿರಸಿ ಹತ್ತಿರದ ನನ್ನ ತವರಿಗೆ ಹೊರಟಿದ್ದೇವೆ. ನಡುವೆ ಒಂದು ದಿನ ಯಾಣ, ಕೊನೆಗೆ ಎರಡು ದಿನ ಗೋಕರ್ಣ. ಮಗನಿಗೆ ನಾಲ್ಕೂವರೆ ವರ್ಷ, ತೂಕ 16 ಕಿಲೋ. ಕಳೆದ ಸಲ ಹೋದಾಗ ಹುಬ್ಬಿನ ಹತ್ತಿರ ಸೊಳ್ಳೆ ಕಚ್ಚಿ, ಬೆಳಗಾಗುವುದರೊಳಗೆ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮೀನಖಂಡದ ಮೇಲೆ ಅಂಗೈ ಅಗಲ ಕೆಂಪಾಗಿ ಬಿಸಿ ಬಿಸಿ ಊದಿತ್ತು. ಒಬ್ಬ ವೈದ್ಯರು ಆಂಟಿಬಯಾಟಿಕ್ ಬರೆದರು, ಇನ್ನೊಬ್ಬರು ಬೇಡವೇ ಬೇಡ ಅಂದರು. ಆಯಿ ಮಾತ್ರ "ಮಾಣಿಗೆ ಇಲ್ಲಿನ ಸೊಳ್ಳೆ ರೂಢಿ ಇಲ್ಲ, ಅಷ್ಟೇ" ಅನ್ನುತ್ತಾಳೆ. ಈ ಸಲ ನಾನು ಏನೇನು ಕಟ್ಟಿಕೊಂಡು ಹೋಗಲಿ?

ಮಕ್ಕಳ ವೈದ್ಯರ ಉತ್ತರ:

ನಿಮ್ಮ ಆಯಿಯ ಮಾತಿನಲ್ಲಿ ಹುರುಳಿದೆ. ನಮ್ಮ ಮೈ ಸಿಡಿದೇಳುವುದು ಸೊಳ್ಳೆಯ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ. ವರ್ಷಗಟ್ಟಲೆ ಕಚ್ಚಿಸಿಕೊಂಡವರಲ್ಲಿ ಈ ಸಿಡುಕು ನಿಧಾನವಾಗಿ ತಗ್ಗುತ್ತದೆ, ಚಿಕ್ಕ ಮಕ್ಕಳಲ್ಲಿ ಜೋರಾಗಿರುತ್ತದೆ. ರೆಪ್ಪೆಯ ಚರ್ಮ ತೆಳು ಮತ್ತು ಸಡಿಲ, ಹಾಗಾಗಿ ಅಲ್ಲಿ ಸ್ವಲ್ಪ ನೀರು ತುಂಬಿದರೂ ಕಣ್ಣು ಮುಚ್ಚಿಹೋಗುತ್ತದೆ. ನೋಡಲು ಭಯವಾಗುತ್ತದೆ, ಆದರೆ ಮಗು ಆಡಿಕೊಂಡಿದ್ದರೆ ಅಪಾಯವಿಲ್ಲ.

ಆಂಟಿಬಯಾಟಿಕ್ ಬೇಕೋ ಬೇಡವೋ ಎನ್ನುವುದನ್ನು ಗಡಿಯಾರ ನೋಡಿ ಅಂದಾಜು ಮಾಡಬಹುದು. ಕಚ್ಚಿದ ಕೆಲವೇ ಗಂಟೆಗಳಲ್ಲಿ ಬಂದು, ತುರಿಕೆಯೇ ಹೆಚ್ಚಾಗಿ, ಒಂದೆರಡು ದಿನ ಏರಿ ಆಮೇಲೆ ಇಳಿಯುವ ಬಾವು ಅಲರ್ಜಿಯದು. ಎರಡು ಮೂರು ದಿನ ಕಳೆದ ಮೇಲೆ ನೋವು ಹೆಚ್ಚುತ್ತಾ, ಕೆಂಪು ಹರಡುತ್ತಾ, ಕೀವು ಅಥವಾ ಜ್ವರ ಬಂದರೆ ಅದು ಸೋಂಕು, ಆಗ ತೋರಿಸಲೇಬೇಕು. ಉಗುರಿನಲ್ಲಿ ಕೆರೆದ ಗಾಯವೇ ಸೋಂಕಿಗೆ ಬಾಗಿಲು, ಹಾಗಾಗಿ ಹೊರಡುವ ಮುನ್ನ ಉಗುರು ಕತ್ತರಿಸಿ.

ಕಚ್ಚಿದ ಕೂಡಲೇ ಸೋಪು ನೀರಿನಲ್ಲಿ ತೊಳೆದು, ಹತ್ತು ನಿಮಿಷ ತಣ್ಣೀರು ಬಟ್ಟೆ ಇಡಿ. ಕ್ಯಾಲಮೈನ್ ಹಚ್ಚಬಹುದು. ತುರಿಕೆ ಇಳಿಸುವ ಸೆಟಿರಿಜಿನ್ ಸಿರಪ್ಪಿನ ಪ್ರಮಾಣವನ್ನು ನಿಮ್ಮ ವೈದ್ಯರಿಂದ ಬರೆಸಿ, ಆ ಚೀಟಿಯನ್ನು ಬಾಟಲಿಗೇ ಸುತ್ತಿಡಿ. ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಸಂಜೆ ಉದ್ದ ತೋಳಿನ ಅಂಗಿ, ರಾತ್ರಿ ಸೊಳ್ಳೆಪರದೆ. ಸೊಳ್ಳೆ ಓಡಿಸುವ ಕ್ರೀಮನ್ನು ನಿಮ್ಮ ಕೈಗೆ ಹಾಕಿಕೊಂಡು ಅವನಿಗೆ ಸವರಿ, ಅವನ ಅಂಗೈಗೆ ಮಾತ್ರ ಬೇಡ, ಬಾಯಿಗೆ ಹೋಗುತ್ತದೆ. ಗೋಕರ್ಣದಲ್ಲಿ ಬಿಸಿಲಿನ ಕ್ರೀಮ್ ಮೊದಲು, ಇದು ಅದರ ಮೇಲೆ. ಹೊತ್ತು ಮುಳುಗುವಾಗ ಮರಳಿನ ಮೇಲೆ ಬರಿಮೈಯಲ್ಲಿ ಕೂರಿಸಬೇಡಿ, ನೊರಜು ಏಳುವ ಹೊತ್ತು ಅದೇ.

ಈಗ ನನ್ನದೊಂದು ಪ್ರಶ್ನೆ. ಜೇನು, ಕಣಜ ಇವು ಯಾವತ್ತಾದರೂ ಅವನಿಗೆ ಕಚ್ಚಿದ್ದುಂಟೇ? ಆಗ ಏನಾಯಿತು?

ತಾಯಿ:

ಹೌದು ಡಾಕ್ಟ್ರೇ, ಬೇಸಿಗೆಯಲ್ಲಿ ಕೊಟ್ಟಿಗೆ ಸೂರಿನ ಕಣಜ ಕೈಗೆ ಹೊಡೆದಿತ್ತು. ಕೈ ಅಷ್ಟೇನೂ ಊದಲಿಲ್ಲ. ಆದರೆ ಕಾಲು ಗಂಟೆಯೊಳಗೆ ಹೊಟ್ಟೆ, ಬೆನ್ನೆಲ್ಲ ದದ್ದು ಎದ್ದು ಎರಡು ಸಲ ವಾಂತಿ ಮಾಡಿದ. ಆಮೇಲೆ ಸುಸ್ತಾಗಿ ಮಲಗಿಬಿಟ್ಟ. ಮಧ್ಯಾಹ್ನ ಹಲಸಿನ ಹಣ್ಣು ತಿಂದಿದ್ದ, ಅದು ಹೆಚ್ಚಾಯಿತು ಅಂದುಕೊಂಡೆವು.

ವೈದ್ಯರು:

ತಂಗೀ, ಕೇಳಿದ್ದು ಒಳ್ಳೆಯದಾಯಿತು. ನಿಮಗೆ ನಿಜಕ್ಕೂ ಬೇಕಾದ ಉತ್ತರ ಇಲ್ಲಿದೆ. ಸೊಳ್ಳೆಯ ಬಾವು ಎಷ್ಟೇ ದೊಡ್ಡದಿದ್ದರೂ ಕಚ್ಚಿದ ಜಾಗದಲ್ಲೇ ಇರುತ್ತದೆ. ಕಣಜ ಕಚ್ಚಿದ್ದು ಕೈಗೆ, ದದ್ದು ಬಂದದ್ದು ಹೊಟ್ಟೆ ಬೆನ್ನಿಗೆ, ಜೊತೆಗೆ ವಾಂತಿ. ಅದು ಇಡೀ ಮೈಯ ಪ್ರತಿಕ್ರಿಯೆ, ಅನಫಿಲ್ಯಾಕ್ಸಿಸ್. ಹಲಸಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಸುಸ್ತಾಗಿ ಮಲಗಿದ್ದು ರಕ್ತದೊತ್ತಡ ಇಳಿದಿದ್ದರಿಂದಲೂ ಇರಬಹುದು. ಆವತ್ತು ತಾನಾಗಿ ಸರಿಹೋಯಿತು, ಮುಂದಿನ ಸಲವೂ ಹಾಗೇ ಆಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಇದಕ್ಕೆ ಸೆಟಿರಿಜಿನ್ ಮದ್ದಲ್ಲ. ಅದು ತುರಿಕೆ ಇಳಿಸುತ್ತದೆ, ಉಸಿರಾಟವನ್ನಾಗಲಿ ರಕ್ತದೊತ್ತಡವನ್ನಾಗಲಿ ಕಾಪಾಡುವುದಿಲ್ಲ. ಮೊದಲ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಯ ಸ್ನಾಯುವಿಗೆ. ಕಿಲೋಗೆ 0.01 ಮಿಲಿಗ್ರಾಂ ಲೆಕ್ಕ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವ ಆಂಪೂಲಾದರೆ (ಮದ್ದು ತುಂಬಿದ ಪುಟ್ಟ ಗಾಜಿನ ಶೀಶೆ) ನಿಮ್ಮ ಮಗನಿಗೆ 0.16 ಮಿಲಿಲೀಟರ್. ಒತ್ತಿದರೆ ತಾನೇ ಚುಚ್ಚುವ ಪೆನ್ನುಗಳು ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹೊರಡುವ ಮೊದಲು ಮಗನನ್ನು ವೈದ್ಯರ ಬಳಿ ಕರೆದೊಯ್ದು ಈ ಕಣಜದ ಕತೆಯನ್ನು ಪೂರ್ತಿ ಹೇಳಿ. ಆಂಪೂಲು, ಸಿರಿಂಜು ಬರೆಸಿಕೊಂಡು, ಕೊಡುವುದನ್ನು ನೀವೂ ನಿಮ್ಮ ಯಜಮಾನರೂ ಅವರ ಎದುರೇ ಕಲಿಯಿರಿ. ನನ್ನ ಬರಹ ಓದಿ ಮಾಡುವ ಕೆಲಸ ಇದಲ್ಲ.

ಮತ್ತೆ ಕಚ್ಚಿದಾಗ ಮೈತುಂಬ ದದ್ದಿನ ಜೊತೆ ವಾಂತಿ, ದನಿ ಒಡೆಯುವುದು, ಕೆಮ್ಮು, ಉಬ್ಬಸ, ನಾಲಿಗೆ ದಪ್ಪವಾಗುವುದು, ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಇಂಜೆಕ್ಷನ್ ಕೊಟ್ಟು 108ಕ್ಕೆ ಫೋನ್ ಮಾಡಿ. ಕಾಲು ಎತ್ತರಿಸಿ ಮಲಗಿಸಿ, ಉಸಿರು ಕಷ್ಟವಾದರೆ ಮಾತ್ರ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಕೊಡಬೇಕಾಗುತ್ತದೆ, ಅದಕ್ಕೇ ಎರಡು ಆಂಪೂಲು ಇರಲಿ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಅದು ಮರಳಿ ಬರುವುದುಂಟು.

ಯಾಣವನ್ನು ಈ ಸಲ ಬಿಟ್ಟುಬಿಡಿ ಅನ್ನುತ್ತೇನೆ.

ಕುಮಟಾ ಕಡೆಯ ಒಬ್ಬರು:

ಡಾಕ್ಟ್ರು ಹೇಳಿದ್ದು ಸರಿ ಅಕ್ಕಾ. ಭೈರವೇಶ್ವರ ಶಿಖರದ ಬಂಡೆಗೆ ಹೆಜ್ಜೇನು ತಟ್ಟಿಗಳು ತೂಗುತ್ತಿರುತ್ತವೆ. ಕಾಡಿನ ದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ತವರಿನಲ್ಲೂ ಹೋದ ದಿನವೇ ಅಪ್ಪಯ್ಯನ ಹತ್ತಿರ ಹೇಳಿ ಕೊಟ್ಟಿಗೆ, ಸೌದೆ ಕೊಟ್ಟಿಗೆಯ ಸೂರು ನೋಡಿಸಿ. ಗೂಡಿದ್ದರೆ ರೂಢಿ ಇದ್ದವರು ರಾತ್ರಿ ತೆಗೆಯಲಿ, ಮಕ್ಕಳೆದುರು ಕೋಲು ಹಾಕುವುದು ಬೇಡ.

ಶಿರಸಿಯಿಂದ ಇನ್ನೊಬ್ಬರು:

ಉಂಬಳಕ್ಕೂ ಹೀಗೇ ಆಗುತ್ತದೆಯೇ ಡಾಕ್ಟ್ರೇ? ನಾವು ಉಪ್ಪು, ಸುಣ್ಣ ಹಾಕುತ್ತೇವೆ. ಉಣುಗಿನ ಬಗ್ಗೆಯೂ ಹೇಳಿ, ಅದರಿಂದ ಹರಡುವ ಮಂಗನ ಕಾಯಿಲೆಯ ಭಯ ಇದೆ.

ವೈದ್ಯರು:

ಉಂಬಳದಿಂದ ಅಲರ್ಜಿ ಅಪರೂಪ. ಉಗುರನ್ನು ಅದರ ಬಾಯಿಯ ಬುಡಕ್ಕೆ ಜಾರಿಸಿ ಬಿಡಿಸಿ. ಸುಣ್ಣ ಮಗುವಿನ ಚರ್ಮ ಸುಡುತ್ತದೆ, ಬೇಡ. ರಕ್ತ ಬಹಳ ಹೊತ್ತು ಜಿನುಗುವುದು ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದಿರುವುದರಿಂದ. ಶುದ್ಧ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಉಣುಗಿನ ವಿಷಯದಲ್ಲಿ ನಿಮ್ಮ ಭಯ ನ್ಯಾಯವೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಡೆಯೂ ಕಂಡಿದೆ. ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ. ದಸರೆಗೆ ಅಷ್ಟು ಆತಂಕವಿಲ್ಲ, ಬೇಸಿಗೆ ರಜೆಗೆ ಬರುವವರು ಎಚ್ಚರವಾಗಿರಿ. ಕಾಡಿನಿಂದ ಬಂದ ಮೇಲೆ ಸ್ನಾನ ಮಾಡಿಸಿ ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಕೈಯಲ್ಲಿ ಹೊಸಕಬೇಡಿ, ಸೀಮೆಎಣ್ಣೆ ಹಾಕಬೇಡಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ತಾಯಿ:

ನಾಳೆ ಬೆಳಿಗ್ಗೆಯೇ ವೈದ್ಯರ ಹತ್ತಿರ ಹೋಗುತ್ತೇವೆ. ಯಾಣ ಬಿಟ್ಟೆವು. ಆಂಪೂಲನ್ನು ಕಾರಿನಲ್ಲಿಡಬಹುದೇ?

ವೈದ್ಯರು:

ಬೇಡ, ಬಿಸಿಲಿಗೆ ನಿಂತ ಕಾರಿನ ಸೆಕೆಗೆ ಕೆಡುತ್ತದೆ. ಬೆಳಕು ತಾಗದ ಡಬ್ಬಿಯಲ್ಲಿ ನಿಮ್ಮ ಕೈಚೀಲದಲ್ಲಿರಲಿ. ಮಗು ತೋಟಕ್ಕೆ ಹೋದರೆ ಚೀಲವೂ ತೋಟಕ್ಕೆ ಹೋಗಬೇಕು. ಮೊದಲೇ ಸಿರಿಂಜಿಗೆ ಎಳೆದಿಡಬೇಡಿ. ಅವಧಿಯ ತಾರೀಕು ನೋಡಿಕೊಳ್ಳಿ, ಬಣ್ಣ ತಿರುಗಿದ್ದರೆ ಬೇರೆ ಕೊಳ್ಳಿ. ಆಂಪೂಲಿನ ಕುತ್ತಿಗೆ ಮುರಿಯುವುದು ಮೊದಲ ಸಲಕ್ಕೆ ಬರುವುದಿಲ್ಲ, ಶುದ್ಧ ನೀರಿನ ನಾಲ್ಕು ಆಂಪೂಲು ತಂದು ಮನೆಯಲ್ಲೇ ಮುರಿದು, 0.16 ಎಳೆದು ನೋಡಿ. ಆಯಿಗೂ ತೋರಿಸಿಕೊಡಿ.