ತಲ್ವಾರ್ ಹಿಡಿ: ತಟ್ಟೆ ಕೂರಿಸುವಾಗ ಬೆಸುಗೆ ಬಿಡುತ್ತಿದೆ

ಪ್ರಶ್ನೆ: 2 ಮಿ.ಮೀ. ಕಬ್ಬಿಣದ ತಗಡಿನಲ್ಲಿ ಹಿಡಿಯ ಎರಡು ಹೋಳು ಬಡಿದು ಹಿತ್ತಾಳೆ ಬೆಸುಗೆ ಹಾಕಿದ್ದೇನೆ. ತುದಿಯ ದುಂಡು ತಟ್ಟೆ ಬೆಸೆಯುವಾಗ ಪಕ್ಕದ ಕೂಡು ಬಾಯಿಬಿಡುತ್ತದೆ. ಏಕೆ? ಅಲಗು ಕೂರಿಸುವುದು ಹೇಗೆ?

ಉತ್ತರ 1: ಎರಡನೇ ಸಲ ಕಾಯಿಸಿದಾಗ ಮೊದಲಿನ ಹಿತ್ತಾಳೆಯೂ ಕರಗುತ್ತದೆ, ಅಷ್ಟೇ. ಎಲ್ಲವನ್ನೂ ಕಬ್ಬಿಣದ ತಂತಿಯಲ್ಲಿ ಬಿಗಿದು ಒಂದೇ ಕಾವಿನಲ್ಲಿ ಮುಗಿಸಿ. ಅಂಚುಗಳನ್ನು ಹೊಳೆಯುವಂತೆ ಅರದಿಂದ ಉಜ್ಜಿ, ಬಿಳಿಗಾರ (ಬೋರಾಕ್ಸ್) ಕಲಸಿ ಹಚ್ಚಿ. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಬಡಿಯಿರಿ; ಅಗಲ ಸಂದು ತುಂಬಲು ಹಿತ್ತಾಳೆ ಗಾರೆಯಲ್ಲ. ಸುಮಾರು 900 ಡಿಗ್ರಿಗೆ ಅದು ಸರ್ರನೆ ಒಳಗೆ ಹರಿಯುತ್ತದೆ, ಆಗಲೇ ಹೊರತೆಗೆಯಿರಿ.

ಉತ್ತರ 2: ಅಲಗು ಕೂರಿಸಲು ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ಹಿಡಿಯೊಳಗೆ ತುಂಬಿ. ಬರೀ ಅರಗು ಬಿರುಕು ಬಿಡುತ್ತದೆ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹಿಡಿಯೊಳಗೆ ಹೋಗುವ ಬಾಲವನ್ನಷ್ಟೇ ಕಾಯಿಸಿ ನೇರವಾಗಿ ಒತ್ತಿ. ಬಾಲ ಕೆಂಪಾಗಿದ್ದರೆ ಅರಗು ನೊರೆಯೆದ್ದು ಸುಡುತ್ತದೆ, ಹಿಡಿತ ನಿಲ್ಲುವುದಿಲ್ಲ.